ದ್ಯುತಿ ಉಪಕರಣಗಳಲ್ಲಿ ಎಲ್‌ಇಡಿ ಬೆಳಕಿನ ಆಕರಗಳು

ಅಳೆಯುವ, ಹಿಗ್ಗಿಸಿ ತೋರಿಸುವ ಅಥವಾ ಚಿತ್ರ ಮೂಡಿಸುವ ಉಪಕರಣಗಳಿಗೆ ಬೆಳಕು ಒದಗಿಸಲೆಂದು, ಬೆಳಕು ಸೂಸುವ ಡಯೋಡನ್ನು ನಡುವಿಟ್ಟು ಕಟ್ಟಿದ ಜೋಡಣೆಗೆ ಎಲ್‌ಇಡಿ ಬೆಳಕಿನ ಆಕರ ಎನ್ನುತ್ತಾರೆ. ಡಯೋಡಿನ ಚಿಪ್ಪು, ಶಾಖ ಹೀರುವ ಲೋಹದ ತಳ, ವಿದ್ಯುತ್ತನ್ನು ಹದದಲ್ಲಿ ಕೊಡುವ ಮಂಡಲ, ಬೆಳಕನ್ನು ಕೂಡಿಸುವ ಮಸೂರ, ಬೇಕಾದ ತರಂಗದೂರವನ್ನಷ್ಟೇ ಬಿಡುವ ಫಿಲ್ಟರ್ ಇವೆಲ್ಲ ಅದರ ಅಂಗಗಳು. ಮನೆಯ ಬಲ್ಬಿನಿಂದ ಕೇಳುವುದು ಕಡಿಮೆ ವಿದ್ಯುತ್ತಿನಲ್ಲಿ ಹೆಚ್ಚು ಬೆಳಕು. ಉಪಕರಣದ ಆಕರದಿಂದ ಕೇಳುವುದು ಗೊತ್ತಾದ ಬಣ್ಣದ, ಗೊತ್ತಾದ ದಿಕ್ಕಿನ, ಇಂದು ಇದ್ದಂತೆಯೇ ನಾಳೆಯೂ ಇರುವ ಬೆಳಕು.

ಸೂಕ್ಷ್ಮದರ್ಶಕ, ಕಣ್ಣಿನ ಅಕ್ಷಿಪಟದ ಕ್ಯಾಮೆರಾ, ಪ್ರೊಜೆಕ್ಟರ್, ಕಾರ್ಖಾನೆಯ ತಪಾಸಣಾ ಕ್ಯಾಮೆರಾ, ಉಪಗ್ರಹದ ದೂರದರ್ಶಕ ಎಲ್ಲದರಲ್ಲೂ ಇಂಥ ಆಕರಗಳಿವೆ. ಕರ್ನಾಟಕದ ಮಟ್ಟಿಗೆ ಇವು ಜನಜೀವನವನ್ನು ನೇರವಾಗಿ ಮುಟ್ಟುವ ಒಂದು ಜಾಗ ಸಕ್ಕರೆ ಕಾರ್ಖಾನೆಯ ಪ್ರಯೋಗಾಲಯ. ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಕಬ್ಬಿನ ಸೀಮೆಯಲ್ಲಿ ರಸದೊಳಗಿನ ಸಕ್ಕರೆಯನ್ನು ಅಳೆಯುವ ಪೋಲಾರಿಮೀಟರ್ ಕೆಲಸ ಮಾಡುವುದು ಬೆಳಕಿನ ಮೇಲೆ. ಆದ್ದರಿಂದ ಈ ಲೇಖನ ವಿನ್ಯಾಸದ ಸಾಮಾನ್ಯ ತತ್ತ್ವಗಳನ್ನು ಹೇಳಿ, ಅವನ್ನು ಆ ಒಂದು ಉಪಕರಣದ ಮೇಲೆ ವಿವರವಾಗಿ ಅನ್ವಯಿಸುತ್ತದೆ.

ಬೆಳವಣಿಗೆ

1907ರಲ್ಲಿ ಬ್ರಿಟನ್ನಿನ ಹೆನ್ರಿ ರೌಂಡ್ ಸಿಲಿಕಾನ್ ಕಾರ್ಬೈಡ್ ಹರಳಿಗೆ ವಿದ್ಯುತ್ ಹಾಯಿಸಿದಾಗ ಅದು ಮಂದವಾಗಿ ಹೊಳೆದುದನ್ನು ದಾಖಲಿಸಿದ. 1920ರ ದಶಕದಲ್ಲಿ ರಷ್ಯಾದ ಒಲೆಗ್ ಲೋಸೆವ್ ಅದೇ ಹೊಳಪನ್ನು ಕ್ರಮಬದ್ಧವಾಗಿ ಅಭ್ಯಸಿಸಿದ. ಕಣ್ಣಿಗೆ ಕಾಣುವ ಕೆಂಪು ಬೆಳಕಿನ ಮೊದಲ ಉಪಯುಕ್ತ ಡಯೋಡನ್ನು 1962ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ನಿಕ್ ಹೊಲೋನ್ಯಾಕ್ ರೂಪಿಸಿದರು. 1972ರಲ್ಲಿ ಜಾರ್ಜ್ ಕ್ರಾಫರ್ಡ್ ಹಳದಿ ಡಯೋಡ್ ಮಾಡಿದರು. ನೀಲಿ ಮಾತ್ರ ದಶಕಗಳ ಕಾಲ ಕೈಗೆ ಸಿಗಲಿಲ್ಲ. ಗ್ಯಾಲಿಯಂ ನೈಟ್ರೈಡ್ ಹರಳನ್ನು ದೋಷ ಕಡಿಮೆಯಾಗುವಂತೆ ಬೆಳೆಸುವ ದಾರಿಯನ್ನು ಜಪಾನಿನ ಇಸಾಮು ಅಕಾಸಾಕಿ, ಹಿರೋಶಿ ಅಮಾನೊ, ಶುಜಿ ನಾಕಾಮುರಾ ಕಂಡುಕೊಂಡ ಮೇಲೆ, 1990ರ ದಶಕದಲ್ಲಿ ಪ್ರಖರವಾದ ನೀಲಿ ಬಂತು. ಅದರ ಮೇಲೆ ಹಳದಿ ಫಾಸ್ಫರ್ ಲೇಪಿಸಿ ಬಿಳಿ ಬೆಳಕನ್ನು ಪಡೆಯುವುದು ಸಾಧ್ಯವಾಯಿತು. ಈ ಮೂವರಿಗೆ 2014ರ ಭೌತವಿಜ್ಞಾನದ ನೊಬೆಲ್ ಬಹುಮಾನ ಸಂದಿತು.

ಉಪಕರಣಗಳ ಲೋಕಕ್ಕೆ ಎಲ್‌ಇಡಿ ಬಂದದ್ದು ಹಳೆಯ ದೀಪಗಳ ಜಾಗಕ್ಕೆ. ಸೋಡಿಯಂ ದೀಪ, ಪಾದರಸದ ಆರ್ಕ್ ದೀಪ, ಟಂಗ್‌ಸ್ಟನ್ ಹ್ಯಾಲೊಜೆನ್, ಝೆನಾನ್ ಫ್ಲ್ಯಾಶ್ ಒಂದೊಂದಕ್ಕೂ ಒಂದೊಂದು ತೊಡಕಿತ್ತು: ಕಾದು ಸ್ಥಿರವಾಗಲು ಹೊತ್ತು ಬೇಕು, ಶಾಖ ಹೆಚ್ಚು, ಬಾಳಿಕೆ ಕಡಿಮೆ, ಕೆಲವಕ್ಕೆ ಹೆಚ್ಚಿನ ವೋಲ್ಟೇಜ್ ಬೇಕು. ಎಲ್‌ಇಡಿ ಹಾಕಿದ ಕ್ಷಣವೇ ಉರಿಯುತ್ತದೆ, ಸೆಕೆಂಡಿಗೆ ಸಾವಿರಾರು ಸಲ ಆರಿಸಿ ಹೊತ್ತಿಸಬಹುದು, ಬ್ಯಾಟರಿಯ ಮೇಲೂ ನಡೆಯುತ್ತದೆ. ಹೊಸ ಕಷ್ಟವೂ ಜೊತೆಗೇ ಬಂತು. ಸೋಡಿಯಂ ದೀಪದ 589.0 ಮತ್ತು 589.6 ನ್ಯಾನೋಮೀಟರ್ ರೇಖೆಗಳು ಪರಮಾಣುವಿನ ರಚನೆಯಿಂದ ಬಂದವು. ಬೆಳಗಾವಿಯಲ್ಲಿರಲಿ, ಬರ್ಲಿನ್ನಿನಲ್ಲಿರಲಿ, ಅವು ಅಲ್ಲಿಯೇ ಇರುತ್ತವೆ. ಎಲ್‌ಇಡಿಯ ತರಂಗದೂರ ಹರಳಿನ ಮಿಶ್ರಣದ ಪ್ರಮಾಣ, ಅದರ ತಾಪ, ಅದರೊಳಗಿನ ವಿದ್ಯುತ್ ಇವುಗಳ ಜೊತೆ ಸರಿಯುತ್ತದೆ. ಪ್ರಕೃತಿ ಹೊತ್ತುಕೊಂಡಿದ್ದ ಹೊಣೆ ವಿನ್ಯಾಸಕಾರನ ಹೆಗಲಿಗೆ ಬಂತು. ಆಕರ ವಿನ್ಯಾಸದ ಶಾಸ್ತ್ರವೆಲ್ಲ ಈ ಹೊಣೆಯ ವಿಸ್ತಾರ.

ಬೆಳಕು ಹುಟ್ಟುವ ಬಗೆ

ಡಯೋಡಿನಲ್ಲಿ ಎರಡು ಬಗೆಯ ಅರೆವಾಹಕ ಪದರಗಳು ಕೂಡುವ ಸಂಧಿಯಿದೆ. ವಿದ್ಯುತ್ ಹರಿದಾಗ ಒಂದು ಕಡೆಯ ಎಲೆಕ್ಟ್ರಾನ್ ಇನ್ನೊಂದು ಕಡೆಯ ರಂಧ್ರದೊಡನೆ ಕೂಡಿ, ತಾನು ಇಳಿದ ಶಕ್ತಿಯಂತರವನ್ನು ಬೆಳಕಿನ ಕಣವಾಗಿ ಬಿಡುತ್ತದೆ. ಆ ಅಂತರವನ್ನು ಎಲೆಕ್ಟ್ರಾನ್ ವೋಲ್ಟ್‌ಗಳಲ್ಲಿ ತೆಗೆದುಕೊಂಡು 1240ನ್ನು ಅದರಿಂದ ಭಾಗಿಸಿದರೆ ತರಂಗದೂರ ನ್ಯಾನೋಮೀಟರುಗಳಲ್ಲಿ ಸಿಗುತ್ತದೆ. 2.1 ಎಲೆಕ್ಟ್ರಾನ್ ವೋಲ್ಟ್ ಅಂತರಕ್ಕೆ 590ರ ಸುಮಾರಿನ ಹಳದಿ, 2.76ಕ್ಕೆ 450ರ ನೀಲಿ.

ಕೆಂಪಿನಿಂದ ಹಳದಿಯವರೆಗಿನ ಡಯೋಡುಗಳನ್ನು ಅಲ್ಯೂಮಿನಿಯಂ, ಇಂಡಿಯಂ, ಗ್ಯಾಲಿಯಂ, ಫಾಸ್ಫರಸ್ ಮಿಶ್ರಣದಿಂದ ಮಾಡುತ್ತಾರೆ. ನೀಲಿಯಿಂದ ಹಸಿರಿನವರೆಗಿನವಕ್ಕೆ ಇಂಡಿಯಂ ಗ್ಯಾಲಿಯಂ ನೈಟ್ರೈಡ್. ಎರಡು ಕುಟುಂಬಗಳೂ ನಡುವಿನ ಹಸಿರು–ಹಳದಿ ಪಟ್ಟಿಗೆ ಬಂದಂತೆ ದಕ್ಷತೆ ಕಳೆದುಕೊಳ್ಳುತ್ತವೆ. ಸಕ್ಕರೆ ಅಳತೆಗೆ ರೂಢಿಯಾದ 589 ನ್ಯಾನೋಮೀಟರ್ ಈ ದುರ್ಬಲ ಪಟ್ಟಿಯ ಅಂಚಿನಲ್ಲಿದೆ ಎಂಬುದು ವಿನ್ಯಾಸಕಾರರಿಗೆ ಎದುರಾಗುವ ಮೊದಲ ಇಕ್ಕಟ್ಟು.

ಹುಟ್ಟಿದ ಬೆಳಕೆಲ್ಲ ಹೊರಬರುವುದಿಲ್ಲ. ಗ್ಯಾಲಿಯಂ ನೈಟ್ರೈಡಿನ ವಕ್ರೀಭವನ ಸೂಚ್ಯಂಕ ಸುಮಾರು 2.4. ಅಂದರೆ ಮೇಲ್ಮೈಗೆ 24.6 ಡಿಗ್ರಿಗಿಂತ ಓರೆಯಾಗಿ ಬಂದ ಕಿರಣ ಗಾಳಿಗೆ ದಾಟದೆ ಒಳಕ್ಕೇ ಪ್ರತಿಫಲಿಸುತ್ತದೆ. ನಯವಾದ ಒಂದು ಮುಖದಿಂದ ಹೊರಬೀಳುವುದು ಒಟ್ಟು ಬೆಳಕಿನ ಶೇ. 4.5ರಷ್ಟು ಮಾತ್ರ. ಇದನ್ನು ಹೆಚ್ಚಿಸಲು ಚಿಪ್ಪಿನ ಮುಖವನ್ನು ಒರಟು ಮಾಡುತ್ತಾರೆ, ತಳಕ್ಕೆ ಕನ್ನಡಿಯ ಪದರ ಕೊಡುತ್ತಾರೆ, ಮೇಲೆ ಸಿಲಿಕೋನಿನ ಗುಮ್ಮಟ ಕೂರಿಸುತ್ತಾರೆ.

ಎಟೆಂಡ್ಯೂ: ದಾಟಲಾಗದ ಮಿತಿ

ಆಕರ ವಿನ್ಯಾಸದಲ್ಲಿ ಎಲ್ಲಕ್ಕಿಂತ ಕಟ್ಟುನಿಟ್ಟಾದ ನಿಯಮ ಎಟೆಂಡ್ಯೂ ಸಂರಕ್ಷಣೆ. ಬೆಳಕು ಹೊರಡುವ ಮೇಲ್ಮೈಯ ವಿಸ್ತಾರ ಮತ್ತು ಅದು ಹರಡುವ ಕೋನ ಇವೆರಡರ ಗುಣಲಬ್ಧವೇ ಎಟೆಂಡ್ಯೂ. ಬೆಳಕನ್ನು ಚೆಲ್ಲದೆ ಈ ಅಳತೆಯನ್ನು ಇಳಿಸುವ ಮಸೂರವಾಗಲಿ ಕನ್ನಡಿಯಾಗಲಿ ಇಲ್ಲ. ಕೋನ ಕಿರಿದು ಮಾಡಿದರೆ ಕಿರಣಪುಂಜದ ಅಡ್ಡಳತೆ ಹಿಗ್ಗುತ್ತದೆ. ಅಡ್ಡಳತೆ ಕುಗ್ಗಿಸಿದರೆ ಕೋನ ಅಗಲವಾಗುತ್ತದೆ.

ಸಾಧಾರಣ ಎಲ್‌ಇಡಿ ಚಿಪ್ಪು ಲ್ಯಾಂಬರ್ಟ್ ನಿಯಮದಂತೆ ಅರ್ಧಗೋಲದ ತುಂಬ ಬೆಳಕು ಚೆಲ್ಲುತ್ತದೆ. 1 ಚದರ ಮಿಲಿಮೀಟರ್ ಚಿಪ್ಪಿನ ಎಟೆಂಡ್ಯೂ 3.14 ಚದರ ಮಿಲಿಮೀಟರ್–ಸ್ಟರೇಡಿಯನ್. ಈಗ 4 ಮಿಲಿಮೀಟರ್ ವ್ಯಾಸದ ರಂಧ್ರದಿಂದ, ಅಕ್ಷದ ಎರಡೂ ಕಡೆ 1 ಡಿಗ್ರಿಯೊಳಗಿನ ಬೆಳಕನ್ನಷ್ಟೇ ಒಪ್ಪುವ ಉಪಕರಣವೊಂದನ್ನು ತೆಗೆದುಕೊಳ್ಳೋಣ. ಅದರ ಎಟೆಂಡ್ಯೂ 0.012 ಮಾತ್ರ. ಆದ್ದರಿಂದ ಮಸೂರ ಎಷ್ಟೇ ಉತ್ತಮವಾಗಿದ್ದರೂ ಚಿಪ್ಪಿನ ಬೆಳಕಿನಲ್ಲಿ ಶೇ. 0.4ಕ್ಕಿಂತ ಹೆಚ್ಚು ಒಳಹೋಗದು. ಅದೇ ಜಾಗದಲ್ಲಿ ಕಾಲು ಮಿಲಿಮೀಟರ್ ಬದಿಯ ಪುಟ್ಟ ಚಿಪ್ಪಿಟ್ಟರೆ ಶೇ. 6ರಷ್ಟು ಒಳಹೋಗಬಲ್ಲದು. ಉಪಕರಣಕ್ಕೆ ದೊಡ್ಡ ಎಲ್‌ಇಡಿ ಹಾಕಿದರೆ ಹೆಚ್ಚು ಬೆಳಕು ಸಿಗುತ್ತದೆ ಎಂಬ ನಂಬಿಕೆ ಇಲ್ಲಿ ಸುಳ್ಳಾಗುತ್ತದೆ. ಬೇಕಾದದ್ದು ಪ್ರತಿ ಚದರ ಮಿಲಿಮೀಟರಿಗೆ, ಪ್ರತಿ ಕೋನಕ್ಕೆ ಸಿಗುವ ಬೆಳಕು, ಅಂದರೆ ಪ್ರಭೆ. ಮಿಕ್ಕದ್ದು ಉಪಕರಣದ ಗೋಡೆಗೆ ಬಡಿದು ಶಾಖವಾಗುತ್ತದೆ, ಇಲ್ಲವೇ ಚದುರಿ ಅಳತೆಯನ್ನು ಕೆಡಿಸುತ್ತದೆ.

ಗುಮ್ಮಟದ ವಿಷಯದಲ್ಲೂ ಇದೇ ಲೆಕ್ಕ. ಸಿಲಿಕೋನಿನ ಗುಮ್ಮಟ ಹೆಚ್ಚು ಬೆಳಕನ್ನು ಹೊರತೆಗೆಯುತ್ತದೆ ನಿಜ. ಆದರೆ ಅದು ಚಿಪ್ಪನ್ನು ಹಿಗ್ಗಿಸಿ ತೋರಿಸುವುದರಿಂದ ಎಟೆಂಡ್ಯೂ ಎರಡು ಪಟ್ಟಿಗೂ ಮೇಲಾಗುತ್ತದೆ. ಹಾಗಾಗಿ ಪ್ರೊಜೆಕ್ಟರುಗಳಂಥ ಇಕ್ಕಟ್ಟಿನ ವ್ಯವಸ್ಥೆಗಳಿಗೆ ಗುಮ್ಮಟವಿಲ್ಲದ, ಚಪ್ಪಟೆ ಗಾಜಿನ ಎಲ್‌ಇಡಿಗಳನ್ನು ಆಯುತ್ತಾರೆ.

ಬೆಳಕನ್ನು ಕೂಡಿಸುವ ಮಸೂರಗಳು

ಲ್ಯಾಂಬರ್ಟ್ ಆಕರದಿಂದ ಮಸೂರ ಎಷ್ಟು ಬೆಳಕನ್ನು ಹಿಡಿಯುತ್ತದೆ ಎಂಬುದು ಅದರ ಅರ್ಧಕೋನದ ಸೈನಿನ ವರ್ಗಕ್ಕೆ ಸಮ. 30 ಡಿಗ್ರಿ ಅರ್ಧಕೋನದ ಮಸೂರ ಕಾಲುಭಾಗ ಹಿಡಿಯುತ್ತದೆ. ಇನ್ನೂ ಹೆಚ್ಚು ಬೇಕಾದರೆ ಗೋಳೀಯವಲ್ಲದ ಮೇಲ್ಮೈಯ ಮಸೂರ ಬೇಕು. ನಡುವಿನ ಬೆಳಕನ್ನು ವಕ್ರೀಭವನದಿಂದಲೂ ಬದಿಯದನ್ನು ಸಂಪೂರ್ಣ ಆಂತರಿಕ ಪ್ರತಿಫಲನದಿಂದಲೂ ಮುಂದಕ್ಕೆ ತಿರುಗಿಸುವ ಪ್ಲಾಸ್ಟಿಕ್ ಸಂಗ್ರಾಹಕಗಳು ಟಾರ್ಚ್, ವಾಹನದ ದೀಪಗಳಲ್ಲಿ ಸಾಮಾನ್ಯ. ಅಳತೆಯ ಉಪಕರಣಗಳಲ್ಲಿ ಅವು ಕಿರಣಪುಂಜದಲ್ಲಿ ಉಂಗುರದಂಥ ಏರಿಳಿತ ಮೂಡಿಸಬಹುದು. ಆಗ ಸರಳ ಮಸೂರವೇ ಮೇಲು.

ಸಮನಾದ ಬೆಳಕಿಗೆ ಇಂದಿಗೂ ಆಧಾರ ಜರ್ಮನಿಯ ಆಗಸ್ಟ್ ಕೋಲರ್ 1893ರಲ್ಲಿ ಪ್ರಕಟಿಸಿದ ವಿಧಾನ. ಅದರಲ್ಲಿ ಆಕರದ ಬಿಂಬವನ್ನು ನೋಡುವ ವಸ್ತುವಿನ ಮೇಲೆ ಬೀಳಗೊಡದೆ, ಸೂಕ್ಷ್ಮದರ್ಶಕದ ಕಂಡೆನ್ಸರ್ ಮಸೂರದ ರಂಧ್ರದ ತಲದಲ್ಲಿ ಮೂಡಿಸುತ್ತಾರೆ. ಆಗ ಚಿಪ್ಪಿನ ಮೇಲಿನ ತಂತಿಯ ನೆರಳು, ಲೋಹದ ಪಟ್ಟಿಗಳ ಗೆರೆ ಯಾವುದೂ ಚಿತ್ರದಲ್ಲಿ ಕಾಣುವುದಿಲ್ಲ. ಕಾಲೇಜಿನ ಸೂಕ್ಷ್ಮದರ್ಶಕಕ್ಕೆ ಹ್ಯಾಲೊಜೆನ್ ಬಲ್ಬು ತೆಗೆದು ಎಲ್‌ಇಡಿ ಕೂರಿಸುವಾಗ ಬಹುಪಾಲು ತೊಂದರೆ ಬರುವುದು ಈ ಹೊಂದಾಣಿಕೆ ತಪ್ಪುವುದರಿಂದ: ಚಿಪ್ಪು ಹಳೆಯ ತಂತುವಿನ ಜಾಗದಲ್ಲೇ, ಸುಮಾರು ಅದೇ ಅಳತೆಯಲ್ಲಿ ಇರಬೇಕು.

ತಾಪ, ವಿದ್ಯುತ್, ಮುಪ್ಪು

ಹಳದಿ ಡಯೋಡಿನ ತರಂಗದೂರ ಸಂಧಿಯ ತಾಪ ಒಂದು ಡಿಗ್ರಿ ಏರಿದಂತೆ ಸುಮಾರು 0.1 ನ್ಯಾನೋಮೀಟರ್ ಕೆಂಪಿನ ಕಡೆ ಸರಿಯುತ್ತದೆ. ಬೆಳಕಿನ ಪ್ರಮಾಣವೂ ಇಳಿಯುತ್ತದೆ. ಈ ಇಳಿತ ನೀಲಿಗಿಂತ ಹಳದಿ–ಕೆಂಪು ಡಯೋಡುಗಳಲ್ಲಿ ಬಹಳ ಹೆಚ್ಚು. 20 ಮಿಲಿಆಂಪಿಯರ್, 2.1 ವೋಲ್ಟಿನಲ್ಲಿ ಉರಿಯುವ ಪುಟ್ಟ ಡಯೋಡ್ ಬಳಸುವುದು 42 ಮಿಲಿವಾಟ್. ಅದರ ಶಾಖರೋಧ ವಾಟಿಗೆ 300 ಡಿಗ್ರಿಯಾದರೆ ಸಂಧಿ ಸುತ್ತಲಿನ ಗಾಳಿಗಿಂತ ಸುಮಾರು 13 ಡಿಗ್ರಿ ಬಿಸಿಯಾಗಿರುತ್ತದೆ. ಈ ವ್ಯತ್ಯಾಸ ಸ್ಥಿರವಾದ್ದರಿಂದ ತೊಂದರೆಯಿಲ್ಲ. ತೊಂದರೆ ಕೊಡುವುದು ಕೋಣೆಯ ತಾಪದ ಏರಿಳಿತ. ಅದಕ್ಕೆ ಡಯೋಡನ್ನು ತಾಮ್ರ ಅಥವಾ ಅಲ್ಯೂಮಿನಿಯಂ ಗಟ್ಟಿಗೆ ಅಂಟಿಸಿ, ಪೆಲ್ಟಿಯರ್ ಬಿಲ್ಲೆಯಿಂದ ಒಂದೇ ತಾಪದಲ್ಲಿ ಹಿಡಿದಿಡುತ್ತಾರೆ. ಡಯೋಡಿನ ವೋಲ್ಟೇಜ್ ಡಿಗ್ರಿಗೆ ಸುಮಾರು 2 ಮಿಲಿವೋಲ್ಟಿನಂತೆ ಇಳಿಯುವುದರಿಂದ, ಸ್ಥಿರ ವಿದ್ಯುತ್ತಿನಲ್ಲಿ ಆ ವೋಲ್ಟೇಜನ್ನೇ ಓದಿ ಸಂಧಿಯ ತಾಪ ತಿಳಿಯುವ ಜಾಣ ವಿಧಾನವೂ ಇದೆ.

ಎಲ್‌ಇಡಿಗೆ ಕೊಡಬೇಕಾದದ್ದು ಸ್ಥಿರ ವಿದ್ಯುತ್ ಪ್ರವಾಹ. ಸ್ಥಿರ ವೋಲ್ಟೇಜ್ ಸಾಲದು. ನಮ್ಮ 50 ಹರ್ಟ್ಜ್ ಪೂರೈಕೆಯಿಂದ ಅಗ್ಗದ ಚಾಲಕ ಮಂಡಲಗಳಲ್ಲಿ ಸೆಕೆಂಡಿಗೆ 100 ಸಲದ ಮಿಣುಕು ಉಳಿದುಬಿಡುತ್ತದೆ. ಕಣ್ಣಿಗೆ ಅದು ಕಾಣದು, ಸಂವೇದಕಕ್ಕೆ ಕಾಣುತ್ತದೆ. ಉತ್ತಮ ಉಪಕರಣಗಳಲ್ಲಿ ಡಯೋಡನ್ನು ಸಾವಿರ ಹರ್ಟ್ಜ್‌ನಂಥ ಬೇರೊಂದು ಲಯದಲ್ಲಿ ಮಿಡಿಸಿ, ಆ ಲಯದ ಸಂಕೇತವನ್ನಷ್ಟೇ ಆಯ್ದುಕೊಳ್ಳುತ್ತಾರೆ. ಕೋಣೆಯ ಟ್ಯೂಬ್‌ಲೈಟ್, ಕಿಟಕಿಯ ಬಿಸಿಲು ಇವುಗಳ ಪ್ರಭಾವ ಇದರಿಂದ ತೊಲಗುತ್ತದೆ.

ಮುಪ್ಪಿನ ಲೆಕ್ಕವೂ ಬೇರೆ. ದೀಪದ ಉದ್ಯಮದಲ್ಲಿ ಬೆಳಕು ಮೊದಲಿನ ಶೇ. 70ಕ್ಕೆ ಇಳಿಯುವವರೆಗಿನ ಗಂಟೆಗಳನ್ನು ಬಾಳಿಕೆ ಎನ್ನುತ್ತಾರೆ. ಅಳತೆಯ ಉಪಕರಣಕ್ಕೆ ಶೇ. 1ರ ಇಳಿತವೂ ದೊಡ್ಡದು. ಆದ್ದರಿಂದ ಕಿರಣಪುಂಜದ ಒಂದು ಪಾಲನ್ನು ಬೇರೆ ಸಂವೇದಕಕ್ಕೆ ಹಾಯಿಸಿ, ಆಕರದ ಬೆಳಕನ್ನು ಸದಾ ಕಾವಲು ಕಾಯುವ ಏರ್ಪಾಡು ಮಾಡುತ್ತಾರೆ.

ಘಟಪ್ರಭೆಯ ಸಕ್ಕರೆ ಸೀಮೆ

ಘಟಪ್ರಭಾ ನದಿ ಗೋಕಾಕದ ಬಳಿ 52 ಮೀಟರ್ ಧುಮುಕುತ್ತದೆ. ಆ ನೀರಿನ ಬಲವನ್ನು ಉದ್ಯಮಕ್ಕೆ ಹೂಡಿದ್ದು ಬಹಳ ಹಿಂದೆ. 1887ರಲ್ಲೇ ಜಲಪಾತದ ಪಕ್ಕದಲ್ಲಿ ನೂಲಿನ ಗಿರಣಿ ನಡೆಯತೊಡಗಿತು. ನದಿಗೆ ಹುಕ್ಕೇರಿ ತಾಲೂಕಿನ ಹಿಡಕಲ್ಲಿನಲ್ಲಿ ಕಟ್ಟಿದ ಅಣೆಕಟ್ಟೆಯಿಂದ ಕಾಲುವೆಗಳು ಹರಿದು, ಸುತ್ತಲಿನ ಕರಿಮಣ್ಣು ಕಬ್ಬಿನ ನೆಲವಾಯಿತು. ಹುಕ್ಕೇರಿ ತಾಲೂಕಿನ ಸಂಕೇಶ್ವರದಲ್ಲಿ ಹಿರಣ್ಯಕೇಶಿ ಸಹಕಾರಿ ಸಕ್ಕರೆ ಕಾರ್ಖಾನೆ, ಗೋಕಾಕ–ಮೂಡಲಗಿ ಭಾಗದಲ್ಲಿ ಘಟಪ್ರಭಾ ಸಹಕಾರಿ ಕಾರ್ಖಾನೆ, ಅವುಗಳ ಜೊತೆ ಖಾಸಗಿ ಕಾರ್ಖಾನೆಗಳೂ ಎದ್ದವು. ಹಿಂದೆ ಗೋಕಾಕ ತಾಲೂಕಿಗೆ ಸೇರಿದ್ದ ಮೂಡಲಗಿ ಈಗ ಸ್ವತಂತ್ರ ತಾಲೂಕು.

ಈ ಸೀಮೆಯಲ್ಲಿ ಕಬ್ಬಿನ ಬೆಲೆ ಇಳುವರಿಗೆ, ಜನ ‘ರಿಕವರಿ’ ಎನ್ನುವ ಅಂಕಿಗೆ, ಕಟ್ಟಿಕೊಂಡಿದೆ. 2025–26ರ ಹಂಗಾಮಿಗೆ ಕೇಂದ್ರ ಸರಕಾರ ನಿಗದಿ ಮಾಡಿದ ನ್ಯಾಯಸಮ್ಮತ ಮತ್ತು ಲಾಭದಾಯಕ ಬೆಲೆ ಶೇ. 10.25 ಇಳುವರಿಗೆ ಕ್ವಿಂಟಲಿಗೆ 355 ರೂಪಾಯಿ. ಮೇಲಿನ ಪ್ರತಿ ಶೇ. 0.1ಕ್ಕೆ 3.46 ರೂಪಾಯಿ ಹೆಚ್ಚುವರಿ. ಅಂದರೆ ಇಳುವರಿಯಲ್ಲಿ ಶೇ. 0.1ರ ವ್ಯತ್ಯಾಸಕ್ಕೆ ಟನ್ನಿಗೆ ಸುಮಾರು 35 ರೂಪಾಯಿ. 2025ರ ನವೆಂಬರಿನಲ್ಲಿ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ರೈತರು ಟನ್ನಿಗೆ 3,500 ರೂಪಾಯಿ ಕೇಳಿ ಹಗಲಿರುಳು ಧರಣಿ ಕುಳಿತರು. ರಾಜ್ಯ ಸರಕಾರ 3,300 ರೂಪಾಯಿ ಘೋಷಿಸಿತು. ತೂಕದಲ್ಲೂ ಇಳುವರಿಯಲ್ಲೂ ಅಳತೆ ನಿಚ್ಚಳವಾಗಿರಬೇಕೆಂಬುದು ಕಬ್ಬು ಬೆಳೆಗಾರರ ಹಳೆಯ ಒತ್ತಾಯ.

ಇಳುವರಿಯೆಂದರೆ ನುರಿಸಿದ ಕಬ್ಬಿಗೆ ತಕ್ಕಂತೆ ಚೀಲಕ್ಕೆ ಬಂದ ಸಕ್ಕರೆ. ಆದರೆ ಕಬ್ಬಿನಲ್ಲಿ ಎಷ್ಟಿತ್ತು, ಸಿಪ್ಪೆಯಲ್ಲಿ ಎಷ್ಟು ಉಳಿಯಿತು, ಪ್ರೆಸ್‌ಮಡ್ಡಿನಲ್ಲಿ ಎಷ್ಟು, ಕಾಕಂಬಿಯಲ್ಲಿ ಎಷ್ಟು ಹೋಯಿತು ಎಂಬ ಜಮಾ–ಖರ್ಚು ಬರೆಯುವುದು ಪ್ರಯೋಗಾಲಯ. ಆ ಲೆಕ್ಕದ ಮೂಲ ಅಂಕಿ ‘ಪೋಲ್’, ಅಂದರೆ ಸಕ್ಕರೆಯ ಶೇಕಡಾ ಪ್ರಮಾಣ; ಅದನ್ನು ಕೊಡುವುದು ಪೋಲಾರಿಮೀಟರ್.

ನಿದರ್ಶನ: ಪೋಲಾರಿಮೀಟರಿಗೆ ಆಕರ

1815ರಲ್ಲಿ ಫ್ರಾನ್ಸಿನ ಜಾನ್ ಬತೀಸ್ತ್ ಬಿಯೊ ಕೆಲವು ದ್ರವಗಳು ಧ್ರುವೀಕೃತ ಬೆಳಕಿನ ತಲವನ್ನು ತಿರುಗಿಸುವುದನ್ನು ಕಂಡುಕೊಂಡ. ಸಕ್ಕರೆ ದ್ರಾವಣವೂ ಹಾಗೆ ತಿರುಗಿಸುತ್ತದೆ. ಸಕ್ಕರೆ ಹೆಚ್ಚಿದಷ್ಟೂ ತಿರುವು ಹೆಚ್ಚು. ಅಂತರರಾಷ್ಟ್ರೀಯ ಸಕ್ಕರೆ ಮಾಪಕದ ಪ್ರಕಾರ 26 ಗ್ರಾಂ ಶುದ್ಧ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ 100 ಮಿಲಿಲೀಟರ್ ಮಾಡಿ, 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 200 ಮಿಲಿಮೀಟರ್ ಉದ್ದದ ಕೊಳವೆಯಲ್ಲಿ ನೋಡಿದರೆ ಅಂಕಿ 100. ಈ ದ್ರಾವಣ ಪಾದರಸದ 546.23 ನ್ಯಾನೋಮೀಟರ್ ಹಸಿರು ಬೆಳಕನ್ನು 40.777 ಡಿಗ್ರಿಯಷ್ಟೂ, 589.44 ನ್ಯಾನೋಮೀಟರಿನ ಹಳದಿಯನ್ನು 34.626 ಡಿಗ್ರಿಯಷ್ಟೂ ತಿರುಗಿಸುತ್ತದೆ.

ವಿನ್ಯಾಸದ ಗುಟ್ಟು ಈ ಎರಡು ಅಂಕಿಗಳ ನಡುವೆಯೇ ಇದೆ. ಸಕ್ಕರೆ ಒಂದೇ, ಬೆಳಕಿನ ಬಣ್ಣ ಬದಲಾದರೆ ತಿರುವು ಬದಲು. 589ರ ಆಸುಪಾಸಿನಲ್ಲಿ ತರಂಗದೂರ ಒಂದು ನ್ಯಾನೋಮೀಟರ್ ಸರಿದರೆ ತಿರುವು ಸುಮಾರು 0.125 ಡಿಗ್ರಿ, ಅಂದರೆ ಶೇ. 0.36ರಷ್ಟು ಸರಿಯುತ್ತದೆ. ಹಳದಿ ಎಲ್‌ಇಡಿಯ ತಾಪ 10 ಡಿಗ್ರಿ ಏರಿದರೆ ತರಂಗದೂರ ಸರಿಯುವುದು ಸುಮಾರು ಅಷ್ಟೇ. ನುರಿಸುವ ಹಂಗಾಮಿನಲ್ಲಿ ಡಿಸೆಂಬರಿನ ನಸುಕಿಗೂ ಮಾರ್ಚಿನ ಮಧ್ಯಾಹ್ನಕ್ಕೂ ಕೋಣೆಯ ತಾಪ ಅದಕ್ಕಿಂತ ಹೆಚ್ಚು ಬದಲಾಗುತ್ತದೆ. ಲೆಕ್ಕಕ್ಕೆಂದು ದಿನಕ್ಕೆ 10,000 ಟನ್ ನುರಿಸುವ, ಶೇ. 13 ಪೋಲ್ ಇರುವ ಕಬ್ಬಿನ ಕಾರ್ಖಾನೆಯನ್ನು ಊಹಿಸಿಕೊಂಡರೆ, ತಿದ್ದದೆ ಬಿಟ್ಟ ಈ ಸರಿತ ದಿನದ ಪುಸ್ತಕದಲ್ಲಿ ಸುಮಾರು 4.7 ಟನ್ ಸಕ್ಕರೆಯ ವ್ಯತ್ಯಾಸ ತೋರಿಸುತ್ತದೆ.

ಇದನ್ನು ತಡೆಯುವ ಮೊದಲ ಹೆಜ್ಜೆ ಫಿಲ್ಟರ್. ಹಳದಿ ಎಲ್‌ಇಡಿಯ ರೋಹಿತ ಸುಮಾರು 15 ನ್ಯಾನೋಮೀಟರ್ ಅಗಲ. ಅದರ ಮುಂದೆ 589ರ ಸುತ್ತ ಕಿರಿದಾದ ಪಟ್ಟಿಯನ್ನಷ್ಟೇ ಬಿಡುವ ವ್ಯತಿಕರಣ ಫಿಲ್ಟರ್ ಇಟ್ಟರೆ, ಹೊರಬರುವ ಬೆಳಕಿನ ಕೇಂದ್ರವನ್ನು ಹೆಚ್ಚಾಗಿ ಫಿಲ್ಟರೇ ನಿರ್ಧರಿಸುತ್ತದೆ. ಫಿಲ್ಟರಿನ ತಾಪಸರಿತ ಡಯೋಡಿನದಕ್ಕಿಂತ ಹಲವು ಪಟ್ಟು ಕಡಿಮೆ. ಆದರೆ ಈ ಫಿಲ್ಟರುಗಳು ಕಿರಣದ ಕೋನಕ್ಕೆ ಸೂಕ್ಷ್ಮ. ಪದರಗಳ ಸರಾಸರಿ ವಕ್ರೀಭವನ ಸೂಚ್ಯಂಕ 2 ಎಂದುಕೊಂಡರೆ, 5 ಡಿಗ್ರಿ ಓರೆಯಾದ ಕಿರಣಕ್ಕೆ ಪಟ್ಟಿ ಸುಮಾರು 0.56 ನ್ಯಾನೋಮೀಟರ್ ನೀಲಿಯ ಕಡೆ ಸರಿಯುತ್ತದೆ. 10 ಡಿಗ್ರಿಗೆ 2.2. ಆದ್ದರಿಂದ ಮೊದಲು ಮಸೂರದಿಂದ ಕಿರಣಗಳನ್ನು ಸಮಾಂತರಗೊಳಿಸಿ, ಆಮೇಲೆ ಫಿಲ್ಟರಿಗೆ ಕೊಡಬೇಕು. ಚಿಪ್ಪು ಚಿಕ್ಕದಾಗಿದ್ದಷ್ಟೂ ಈ ಸಮಾಂತರತೆ ಸುಲಭ. ಎಟೆಂಡ್ಯೂ ನಿಯಮ ಇಲ್ಲಿ ಬೆಳಕಿನ ಪ್ರಮಾಣದ ಜೊತೆಗೆ ಬಣ್ಣದ ಖಚಿತತೆಯನ್ನೂ ಆಳುತ್ತದೆ.

ಎರಡನೆಯ ತೊಡಕು ರಸದ ಬಣ್ಣ. ಕಬ್ಬಿನ ರಸ, ಅದಕ್ಕಿಂತ ಹೆಚ್ಚಾಗಿ ಕಾಕಂಬಿ, ಕಂದು ಬಣ್ಣದವು. ಗಿಡ್ಡ ತರಂಗದೂರವನ್ನು ಹೆಚ್ಚು ಹೀರುತ್ತವೆ. ಆಕರದ ಪಟ್ಟಿ ಅಗಲವಾಗಿದ್ದರೆ ರಸವೇ ಅದರ ನೀಲಿ ಅಂಚನ್ನು ತಿಂದು, ಉಳಿದ ಬೆಳಕಿನ ಕೇಂದ್ರವನ್ನು ಕೆಂಪಿಗೆ ತಳ್ಳುತ್ತದೆ. ಶುದ್ಧ ಸಕ್ಕರೆ ದ್ರಾವಣದಲ್ಲಿ ಸರಿಯಾಗಿ ಓದಿದ ಯಂತ್ರ ಕಾಕಂಬಿಯಲ್ಲಿ ತಪ್ಪಾಗಿ ಓದಲು ಇದೊಂದೇ ಸಾಕು. ಪಟ್ಟಿ ಕಿರಿದಾಗಿಸುವುದು ಇದಕ್ಕೆ ಮದ್ದು. ಹಾಗೆ ಮಾಡಿದಷ್ಟೂ ಬೆಳಕು ಕಡಿಮೆಯಾಗುವುದರಿಂದ ಪ್ರಭೆ ಹೆಚ್ಚಿರುವ ಚಿಪ್ಪು ಬೇಕು.

ಬಣ್ಣ ತೆಗೆಯಲು ಹಿಂದಿನಿಂದ ಸೀಸದ ಸಬ್‌ಅಸಿಟೇಟ್ ಬೆರೆಸಿ ರಸವನ್ನು ತಿಳಿ ಮಾಡುತ್ತಿದ್ದರು. ಸೀಸ ವಿಷ, ದಿನವೂ ಅದನ್ನು ಮುಟ್ಟುವ ಪ್ರಯೋಗಾಲಯದ ಕೆಲಸಗಾರರಿಗೂ, ಚೆಲ್ಲಿದ ನೀರು ಸೇರುವ ನೆಲಕ್ಕೂ ಅಪಾಯ. ಸೀಸವನ್ನು ಬಿಡಲು ಎಲ್‌ಇಡಿ ದಾರಿ ತೆರೆಯಿತು. 880 ನ್ಯಾನೋಮೀಟರಿನ ಆಸುಪಾಸಿನ ಅವಕೆಂಪು ಬೆಳಕನ್ನು ಕಂದು ಬಣ್ಣ ಅಷ್ಟಾಗಿ ಹೀರುವುದಿಲ್ಲ. ಆ ತರಂಗದೂರದಲ್ಲಿ ಉರಿಯುವ ದಕ್ಷ, ಅಗ್ಗದ ಡಯೋಡುಗಳಿವೆ. ಅಲ್ಲಿ ತಿರುವು ಹಳದಿಯ ಅರ್ಧಕ್ಕಿಂತ ಕಡಿಮೆ, ಮೇಲೆ ಹೇಳಿದ 26 ಗ್ರಾಂ ದ್ರಾವಣಕ್ಕೆ ಸುಮಾರು 15 ಡಿಗ್ರಿ ಮಾತ್ರ. ಹೀಗಾಗಿ ಕೋನವನ್ನು ಇನ್ನಷ್ಟು ಸೂಕ್ಷ್ಮವಾಗಿ ಓದಬೇಕಾಗುತ್ತದೆ. ಸೀಸವಿಲ್ಲದ ಪ್ರಯೋಗಾಲಯಕ್ಕೆ ಈ ಬೆಲೆ ಏನೇನೂ ಅಲ್ಲ.

ತರಂಗದೂರದ ಸರಿತವನ್ನು ನಿಭಾಯಿಸುವ ಇನ್ನೊಂದು ದಾರಿ ಕ್ವಾರ್ಟ್ಸ್ ಬೆಣೆ. ಬಣ್ಣ ಬದಲಾದಂತೆ ತಿರುವು ಬದಲಾಗುವ ರೀತಿ ಕ್ವಾರ್ಟ್ಸಿನಲ್ಲೂ ಸಕ್ಕರೆಯಲ್ಲೂ ಹೆಚ್ಚುಕಡಿಮೆ ಒಂದೇ. ಸಕ್ಕರೆ ತಿರುಗಿಸಿದ್ದನ್ನು ಕ್ವಾರ್ಟ್ಸ್ ಬೆಣೆ ಸರಿಸಿ ಮರಳಿ ತಿರುಗಿಸಿದರೆ, ಬೆಳಕು ಸ್ವಲ್ಪ ಸರಿದರೂ ಎರಡೂ ಒಟ್ಟಿಗೆ ಸರಿದು ತಪ್ಪು ತನ್ನಿಂದ ತಾನೇ ವಜಾ ಆಗುತ್ತದೆ. ಸಕ್ಕರೆ ಅಳತೆಗೆಂದೇ ಮಾಡಿದ ಹಳೆಯ ಪೋಲಾರಿಮೀಟರುಗಳು, ಅಂದರೆ ಸ್ಯಾಕರಿಮೀಟರುಗಳು, ಪೊಟ್ಯಾಸಿಯಂ ಡೈಕ್ರೋಮೇಟಿನ ಮೂಲಕ ಹಾಯಿಸಿದ ಬಿಳಿ ಬೆಳಕಿನಲ್ಲೇ ನಡೆಯುತ್ತಿದ್ದುದು ಈ ಗುಣದಿಂದ. ಆಕರ ಅಲುಗಿದರೂ ಫಲಿತಾಂಶ ಅಲುಗದಂತೆ ಇಡೀ ವ್ಯವಸ್ಥೆಯನ್ನು ಕಟ್ಟುವುದು ವಿನ್ಯಾಸದ ಉತ್ತಮ ಮಟ್ಟ. ಹತ್ತೊಂಬತ್ತನೆಯ ಶತಮಾನದ ಈ ಉಪಾಯ ಅದಕ್ಕೆ ಇಂದಿಗೂ ಮಾದರಿ.

ಏನೇ ಮಾಡಿದರೂ ಯಂತ್ರದ ಕೊನೆಯ ಸಾಕ್ಷಿ ಪ್ರಮಾಣಿತ ಕ್ವಾರ್ಟ್ಸ್ ಫಲಕ. ತಿರುವು ಖಚಿತವಾಗಿ ಗೊತ್ತಿರುವ ಈ ಫಲಕವನ್ನು ಕೊಳವೆಯ ಜಾಗದಲ್ಲಿಟ್ಟು ಓದಿದರೆ ಆಕರ ಎಷ್ಟು ಸರಿದಿದೆ ಎಂಬುದು ಒಂದು ನಿಮಿಷದಲ್ಲಿ ತಿಳಿಯುತ್ತದೆ.

ಸಕ್ಕರೆ ಪ್ರಯೋಗಾಲಯದ ಇತರ ಆಕರಗಳು

ರಸದಲ್ಲಿ ಕರಗಿದ ಘನಾಂಶ, ಅಂದರೆ ಬ್ರಿಕ್ಸ್, ಅಳೆಯುವ ಡಿಜಿಟಲ್ ರಿಫ್ರ್ಯಾಕ್ಟೋಮೀಟರಿನಲ್ಲೂ 589ರ ಎಲ್‌ಇಡಿ ಇದೆ. ಅಲ್ಲಿ ಬೇಕಾದದ್ದು ಸಮಾಂತರ ಕಿರಣಗಳ ಬದಲು ಹಲವು ಕೋನಗಳಿಂದ ಪ್ರಿಸಮ್ಮಿಗೆ ಬರುವ ಬೆಳಕು. ಸಂಪೂರ್ಣ ಪ್ರತಿಫಲನ ಶುರುವಾಗುವ ಗೆರೆಯನ್ನು ಸಂವೇದಕ ಓದುತ್ತದೆ. ಸಕ್ಕರೆಯ ಬಿಳುಪನ್ನು ಅಳೆಯುವ ‘ಐಕುಮ್ಸಾ’ ಎಂಬ ಅಂತರರಾಷ್ಟ್ರೀಯ ಪರೀಕ್ಷೆಗೆ 420 ನ್ಯಾನೋಮೀಟರಿನ ನೇರಳೆ ಬೆಳಕು ಬೇಕು. ನೈಟ್ರೈಡ್ ಡಯೋಡುಗಳಿಗೆ ಇದು ಸಲೀಸು. ಒಂದೇ ಪ್ರಯೋಗಾಲಯದಲ್ಲಿ 420, 589, 880 ಎಂಬ ಮೂರು ತರಂಗದೂರ, ಮೂರು ಬಗೆಯ ಹರಳು, ಮೂರು ಬಗೆಯ ಮಸೂರ ಜೋಡಣೆ ಕೆಲಸ ಮಾಡುತ್ತಿರುತ್ತವೆ. ಈ ವಿದ್ಯೆಯಲ್ಲಿ ತಂತ್ರಜ್ಞರನ್ನು ತಯಾರುಮಾಡುವ ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆ ಬೆಳಗಾವಿಯಲ್ಲೇ ಇದೆ.

ಬೇರೆ ಕ್ಷೇತ್ರಗಳು

ಅಕ್ಷಿಪಟದ ಕ್ಯಾಮೆರಾದಲ್ಲಿ ಬೆಳಕು ಪಾಪೆಯ ಅಂಚಿನಿಂದ ಉಂಗುರವಾಗಿ ಒಳಹೋಗಿ, ನಡುವಿನಿಂದ ಮರಳಿ ಬರಬೇಕು. ಇಲ್ಲದಿದ್ದರೆ ಕಾರ್ನಿಯಾದ ಹೊಳಪು ಚಿತ್ರವನ್ನು ಮುಚ್ಚುತ್ತದೆ. ಫೋಕಸ್ ಮಾಡಲು ಪಾಪೆ ಕುಗ್ಗದಂತೆ ಅವಕೆಂಪು ಎಲ್‌ಇಡಿ, ಚಿತ್ರಕ್ಕೆ ಕ್ಷಣಕಾಲದ ಬಿಳಿ ಎಲ್‌ಇಡಿ. ಝೆನಾನ್ ಫ್ಲ್ಯಾಶಿನ ಭಾರ ತಪ್ಪಿದ್ದರಿಂದ ಇಂಥ ಯಂತ್ರಗಳನ್ನು ಹಳ್ಳಿಯ ನೇತ್ರ ಶಿಬಿರಗಳಿಗೆ ಹೊತ್ತೊಯ್ಯಬಹುದಾಗಿದೆ. ನೀಲಿ ಬೆಳಕು ಅಕ್ಷಿಪಟಕ್ಕೆ ಹಾನಿ ಮಾಡಬಲ್ಲದಾದ್ದರಿಂದ ಐಎಸ್‌ಒ 15004-2 ಮಾನಕದ ಮಿತಿಯೊಳಗೆ ವಿನ್ಯಾಸ ಇರಬೇಕು.

ಬಾಹ್ಯಾಕಾಶದಲ್ಲೂ ಎಲ್‌ಇಡಿಗೆ ಕೆಲಸವಿದೆ. 2023ರ ಸೆಪ್ಟೆಂಬರ್ 2ರಂದು ಹಾರಿದ ಆದಿತ್ಯ–ಎಲ್1 ನೌಕೆಯಲ್ಲಿ ಪುಣೆಯ ಐಯುಕಾ ಸಂಸ್ಥೆಯ ನೇತೃತ್ವದಲ್ಲಿ ರೂಪಿಸಿದ ಅತಿನೇರಳೆ ದೂರದರ್ಶಕದೊಳಗೆ 255 ಮತ್ತು 355 ನ್ಯಾನೋಮೀಟರಿನ ಎಲ್‌ಇಡಿಗಳಿವೆ. ಅವು ಕ್ಯಾಮೆರಾದ ಸಂವೇದಕದ ಮೇಲೆ ತಿಳಿದಿರುವ ಬೆಳಕು ಬೀರಿ, ಅದರ ಸೂಕ್ಷ್ಮತೆ ಕಾಲಕಾಲಕ್ಕೆ ಹೇಗೆ ಬದಲಾಗಿದೆ ಎಂಬುದನ್ನು ಭೂಮಿಯಿಂದಲೇ ತಿಳಿಯಲು ನೆರವಾಗುತ್ತವೆ.

ಬಣ್ಣಗಳನ್ನು ಸರಿಯಾಗಿ ಕಾಣಿಸುವ ಆಕರ ಇನ್ನೊಂದು ಬೇಡಿಕೆ. ಗೋಕಾಕದ ಹೆಸರಾಂತ ಮರದ ಗೊಂಬೆಗಳು, ಹಣ್ಣುಗಳು ನಿಜದಂತೆ ಕಾಣುವುದು ಬಣ್ಣದ ಹದದಿಂದ. ನೀಲಿ ಚಿಪ್ಪು ಮತ್ತು ಹಳದಿ ಫಾಸ್ಫರಿನ ಅಗ್ಗದ ಬಿಳಿ ಎಲ್‌ಇಡಿಯಲ್ಲಿ ಗಾಢ ಕೆಂಪು ಕಡಿಮೆ. ಅದರಡಿ ಬಣ್ಣ ಬಳಿದರೂ ಫೋಟೊ ತೆಗೆದರೂ ಕೆಂಪು ಮಂಕಾಗುತ್ತದೆ. ಕೆಂಪು ಫಾಸ್ಫರ್ ಸೇರಿಸಿದ, ಬಣ್ಣಸೂಚ್ಯಂಕ 90ಕ್ಕೆ ಮೇಲಿರುವ ಎಲ್‌ಇಡಿ ಇಂಥ ಕೆಲಸಕ್ಕೆ ತಕ್ಕದ್ದು.

ವಿನ್ಯಾಸದ ಕ್ರಮ

ರೂಢಿಯಲ್ಲಿರುವ ಕ್ರಮ ಹಿಂದಿನಿಂದ ಮುಂದಕ್ಕೆ ಬರುವಂಥದ್ದು. ಮೊದಲು ಅಳತೆಯಲ್ಲಿ ಎಷ್ಟು ತಪ್ಪನ್ನು ಸಹಿಸಬಹುದು ಎಂದು ಗೊತ್ತುಮಾಡಬೇಕು. ಅದರಿಂದ ತರಂಗದೂರ ಎಷ್ಟು ಸರಿಯಬಹುದು, ಬೆಳಕು ಎಷ್ಟು ಏರಿಳಿಯಬಹುದು ಎಂಬ ಮಿತಿ ಸಿಗುತ್ತದೆ. ಉಪಕರಣದ ರಂಧ್ರ ಮತ್ತು ಕೋನದಿಂದ ಎಟೆಂಡ್ಯೂ ಲೆಕ್ಕ ಹಾಕಿ ಚಿಪ್ಪಿನ ಗಾತ್ರ ಆಯಬೇಕು. ಆಮೇಲೆ ಮಸೂರ, ಫಿಲ್ಟರ್, ಶಾಖದ ತಳ, ಚಾಲಕ ಮಂಡಲ. ಕಂಪ್ಯೂಟರಿನಲ್ಲಿ ಲಕ್ಷಾಂತರ ಕಿರಣಗಳನ್ನು ಹಾಯಿಸಿ ನೋಡುವ ತಂತ್ರಾಂಶಗಳು ಇಂದು ಇದನ್ನು ಸುಲಭಗೊಳಿಸಿವೆ. ಆದರೂ ಕೊನೆಗೆ ಉಪಕರಣ ಇರುವ ಜಾಗದಲ್ಲೇ, ಅಲ್ಲಿಯ ಸೆಕೆ, ಧೂಳು, ವೋಲ್ಟೇಜಿನ ಏರಿಳಿತದಲ್ಲೇ ಅದನ್ನು ಪರೀಕ್ಷಿಸಬೇಕು. ಕಬ್ಬಿನ ಸಿಪ್ಪೆಯ ಸಣ್ಣ ನಾರು ಹಾರುವ ಕಾರ್ಖಾನೆಯಲ್ಲಿ ಮಸೂರಕ್ಕೆ ಮುಚ್ಚಿದ ಗೂಡು ಬೇಕು. ಭಾರಿ ಮೋಟಾರುಗಳು ಚಾಲೂ ಆದಾಗ ಕುಸಿಯುವ ವೋಲ್ಟೇಜಿಗೆ ಜಗ್ಗದ ಚಾಲಕ ಮಂಡಲ ಬೇಕು.

ಇಂದಿನ ನೆಲೆ

2015ರಲ್ಲಿ ಕೇಂದ್ರದ ಉಜಾಲಾ, ರಾಜ್ಯದ ಹೊಸ ಬೆಳಕು ಯೋಜನೆಗಳ ಮೂಲಕ ಎಲ್‌ಇಡಿ ಬಲ್ಬು ಮನೆಮನೆಗೆ ತಲುಪಿತು. ಉಪಕರಣದೊಳಗಿನ ಎಲ್‌ಇಡಿ ಮಾತ್ರ ಇನ್ನೂ ಜನರ ಕಣ್ಣಿಗೆ ಬಿದ್ದಿಲ್ಲ. ಡಯೋಡ್, ಮಸೂರ, ಫಿಲ್ಟರ್ ಮೂರೂ ಇಂದು ಬಿಡಿಬಿಡಿಯಾಗಿ ಕೊಳ್ಳಬಹುದಾದ ವಸ್ತುಗಳು. 589ರ ಸ್ಥಿರ ಆಕರವೊಂದನ್ನು ಕಟ್ಟಿ ಕ್ವಾರ್ಟ್ಸ್ ಫಲಕದ ಎದುರು ಒರೆಗೆ ಹಚ್ಚುವುದು ಇಂಜಿನಿಯರಿಂಗ್ ಕಾಲೇಜಿನ ಪ್ರಾಜೆಕ್ಟಿಗೆ ಮೀರಿದ್ದಲ್ಲ. ಬೆಳಗಾವಿಯಲ್ಲಿ ತಾಂತ್ರಿಕ ವಿಶ್ವವಿದ್ಯಾಲಯವೂ ಸಕ್ಕರೆ ಸಂಸ್ಥೆಯೂ ಇರುವಾಗ, ಸುತ್ತಲಿನ ಕಾರ್ಖಾನೆಗಳ ಅಗತ್ಯವನ್ನೇ ಪಾಠವಾಗಿಸುವ ಅವಕಾಶ ದೊಡ್ಡದು.

ಕಾರ್ಖಾನೆಯ ತೂಕದ ಕಾಟಾದ ಬಗ್ಗೆ ರೈತರು ಎಚ್ಚರವಾಗಿದ್ದಾರೆ. ಅದೇ ಎಚ್ಚರ ಪೋಲಾರಿಮೀಟರಿಗೂ ಸಲ್ಲಬೇಕು. ಯಂತ್ರದಲ್ಲಿರುವ ಆಕರ ಯಾವುದು, ಅದರ ತರಂಗದೂರವೆಷ್ಟು, ಕ್ವಾರ್ಟ್ಸ್ ಫಲಕದಿಂದ ಕೊನೆಯದಾಗಿ ಪರೀಕ್ಷಿಸಿದ್ದು ಯಾವಾಗ, ಆಗ ಕೋಣೆಯ ತಾಪ ಎಷ್ಟಿತ್ತು ಎಂಬ ನಾಲ್ಕು ವಿವರಗಳನ್ನು ಪ್ರತಿ ಪಾಳಿಯ ದಾಖಲೆಯಲ್ಲಿ ಬರೆದು, ಕಬ್ಬು ಬೆಳೆದವರು ಕೇಳಿದಾಗ ತೋರಿಸುವುದು ಖರ್ಚಿಲ್ಲದ ಕೆಲಸ. ಆ ನಾಲ್ಕು ವಿವರಗಳಿದ್ದರೆ ಪೋಲ್ ಸರಿಯೋ ತಪ್ಪೋ ಎಂಬ ವಾದವನ್ನು ಪುಸ್ತಕ ತೆರೆದು ತೀರಿಸಬಹುದು.